ರೇಷ್ಮಾ ಹಾಡಬೇಕಿದ್ದ ಸಾಲು

2005ರಲ್ಲಿ ನಾನು ಬ್ಯಾಡಗಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಸಂಗೀತ ಶಿಕ್ಷಕಿಯಾಗಿದ್ದೆ. ಚಳಿಗಾಲದ ಕೊನೆಗೆ ಹಾವೇರಿಯಲ್ಲಿ ಸಮೂಹಗಾನ ಸ್ಪರ್ಧೆಯಿತ್ತು. ಬ್ಯಾಡಗಿಯಲ್ಲಿ ಅದೇ ಹೊತ್ತಿಗೆ ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಗೆ ಬಂದ ಕಾಯಿ ಚೀಲಗಟ್ಟಲೆ ಮನೆಮನೆಗೆ ಹೋಗುತ್ತಿತ್ತು. ಹೆಂಗಸರು, ಮಕ್ಕಳು ಕುಳಿತು ಅದರ ತೊಟ್ಟು ಕೀಳುತ್ತಿದ್ದರು. ನನ್ನ ತಂಡದ ಅರ್ಧದಷ್ಟು ಹುಡುಗಿಯರು ಕೆಮ್ಮುತ್ತಲೇ ಅಭ್ಯಾಸಕ್ಕೆ ಬರುತ್ತಿದ್ದರು.

ನಾನು ಮೊದಲು ಆರಿಸಿದ್ದು ತಾರಸ್ಥಾಯಿಗೆ ಏರುವ, ಉದ್ದುದ್ದ ಸಾಲುಗಳ ಹಾಡು. ತೀರ್ಪುಗಾರರಿಗೆ ಅಂಥದ್ದು ಹಿಡಿಸುತ್ತದೆ. ಆದರೆ ಆ ಗಂಟಲುಗಳಿಗೆ ಅದು ಹೊಂದಲಿಲ್ಲ. ನಮ್ಮ ಕನ್ನಡ ಶಿಕ್ಷಕರು ಹೊಳೆಯ ಕುರಿತು ಬರೆದಿದ್ದ ಪುಟ್ಟ ಪದ್ಯಕ್ಕೆ ನಾನೇ ಮಧ್ಯಸ್ಥಾಯಿಯಲ್ಲಿ ರಾಗ ಕೂಡಿಸಿದೆ. ಅಭ್ಯಾಸವನ್ನು ಸಂಜೆಯಿಂದ ಬೆಳಗಿಗೆ ಬದಲಿಸಿದೆ. ‘ಸ್ಟ್ಯಾಗರ್ಡ್ ಬ್ರೀದಿಂಗ್’ ಕಲಿಸಿದೆ: ಎಲ್ಲರೂ ಒಟ್ಟಿಗೆ ಉಸಿರೆಳೆಯದೆ ಒಬ್ಬೊಬ್ಬರು ಒಂದೊಂದು ಕಡೆ ಎಳೆದುಕೊಂಡರೆ ಹಾಡು ಎಲ್ಲೂ ಕಡಿಯುವುದಿಲ್ಲ.

ಒಂಬತ್ತನೆಯ ತರಗತಿಯ ರೇಷ್ಮಾ ತಂಡಕ್ಕೆ ಆಧಾರ. ಹಾರ್ಮೋನಿಯಂ ನಿಲ್ಲಿಸಿದರೂ ಅವಳ ಶ್ರುತಿ ಅಲುಗುತ್ತಿರಲಿಲ್ಲ. ನಡುವಿನ ಒಂದು ಸಾಲನ್ನು ಅವಳೊಬ್ಬಳೇ ಹಾಡುವಂತೆ ಮಾಡಿದ್ದೆ. ಒಂದು ಬೆಳಿಗ್ಗೆ ಆ ಸಾಲಿನ ಅರ್ಧಕ್ಕೇ ನಿಂತಳು. ಎದೆಯಿಂದ ಸಣ್ಣ ಸಿಳ್ಳಿನಂಥ ಸದ್ದು ಬರುತ್ತಿತ್ತು, ತುಟಿ ಕಪ್ಪಿಟ್ಟಿತ್ತು.

ಅಂದೇ ಅವಳ ಮನೆಗೆ ಹೋದೆ. ಇದ್ದದ್ದು ಒಂದೇ ಕೋಣೆ, ಅದರಲ್ಲಿ ಅರ್ಧ ಮೆಣಸಿನಕಾಯಿ ರಾಶಿ. ಕಾಲಿಟ್ಟೊಡನೆ ನನಗೆ ಸೀನು ಹತ್ತಿತು. ತಾಯಿ ಹುಸೇನಬಿ ವಿಧವೆ. ಇದೇ ಕೆಲಸದಿಂದ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು.

“ಅಕಿನ್ನ ಈ ಧೂಳಿನಾಗ ಮಲಗಸಬ್ಯಾಡವಾ,” ಎಂದೆ.

“ನನಗೂ ಗೊತ್ತೈತ್ರಿ ಅಕ್ಕಾರ. ಚೀಲ ಹೊರಗಿಟ್ರ ಮಂಜಿಗೆ ಕಾಯಿ ಕೆಡ್ತಾವ, ಸಾಹುಕಾರ್ರು ಕೆಲಸ ಬಿಡಸ್ತಾರ. ಮಗಳನ್ನ ಹೊರಗ ಹಾಕ್ಲೇನ್ರಿ?”

ಮರುದಿನ ತಾಯಿ-ಮಗಳಿಬ್ಬರನ್ನೂ ರಾಣೆಬೆನ್ನೂರಿಗೆ ಕರೆದೊಯ್ದೆ. ವೈದ್ಯರು ಆಸ್ತಮಾ ಎಂದರು, ಇನ್‌ಹೇಲರ್ ಬರೆದುಕೊಟ್ಟರು, ಧೂಳಿನಿಂದ ದೂರವಿಡಿ ಎಂದರು. ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಅವಳ ಸೋದರಮಾವನಿದ್ದ. ಭಾನುವಾರ ಅವನು ಬಂದು ಕರೆದೊಯ್ಯುವುದೆಂದು ನಿಶ್ಚಯವಾಯಿತು.

“ಸ್ಪರ್ಧೆಗೆ ನಾನು ಹಾವೇರಿಗೇ ನೆಟ್ಟಗ ಬರ್ತೇನ್ರಿ,” ಎಂದಳು ರೇಷ್ಮಾ, ಎಲ್ಲ ಹುಡುಗಿಯರ ಮುಂದೆ. “ನನ್ನ ಸಾಲು ಯಾರಿಗೂ ಕೊಡಬ್ಯಾಡ್ರಿ.”

ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ ನಸುಕಿನಲ್ಲಿ ಅವಳಿಗೆ ಉಸಿರು ಕಟ್ಟಿತು. ಹಾವೇರಿಯ ಆಸ್ಪತ್ರೆಯ ದಾರಿಯಲ್ಲಿ, ಬಾಡಿಗೆ ಟೆಂಪೋದಲ್ಲಿ, ತಾಯಿಯ ತೊಡೆಯ ಮೇಲೆ ತೀರಿಕೊಂಡಳು.

ಸ್ಪರ್ಧೆಗೆ ಹೋಗುವುದು ಬೇಡವೆಂದರು ಮುಖ್ಯೋಪಾಧ್ಯಾಯಿನಿ. ನನಗೂ ಮನಸ್ಸಿರಲಿಲ್ಲ. ಹುಡುಗಿಯರೇ ಪಟ್ಟು ಹಿಡಿದರು. ರೇಷ್ಮಾಳ ಸಾಲನ್ನು ಮೂವರಿಗೆ ಹಂಚಿ ಅಭ್ಯಾಸ ಮಾಡಿಸಿದೆ. ತಲೆ ತಗ್ಗಿಸಿಕೊಂಡು ಹಾಡಿದರು.

ವೇದಿಕೆಯ ಮೇಲೆ ಆ ಸಾಲು ಬಂದಾಗ ಮೂವರೂ ಬಾಯಿ ತೆರೆಯಲಿಲ್ಲ. ನನ್ನ ಬೆರಳುಗಳು ಹಾರ್ಮೋನಿಯಂ ಮೇಲೆ ಹಾಗೇ ಓಡುತ್ತಿದ್ದವು. ಸಾಲು ಮುಗಿಯುವಷ್ಟು ಹೊತ್ತು ಅದೊಂದೇ ನುಡಿಯಿತು. ಮುಂದಿನ ಸಾಲಿಗೆ ಎಲ್ಲರೂ ಒಟ್ಟಿಗೆ ಎತ್ತಿಕೊಂಡರು. ತಾಳ ಒಂದಿಷ್ಟೂ ತಪ್ಪಲಿಲ್ಲ.

“ಮಕ್ಕಳು ಒಂದು ಸಾಲು ಮರೆತುಬಿಟ್ರಲ್ರಿ,” ಎಂದರು ತೀರ್ಪುಗಾರರೊಬ್ಬರು.

“ಮರ್ತಿಲ್ರಿ,” ಎಂದೆ. ಬಹುಮಾನ ಬರಲಿಲ್ಲ, ಯಾರೂ ಕೇಳಲೂ ಇಲ್ಲ.

ಹುಸೇನಬಿ ಉಳಿದ ಚೀಲಗಳನ್ನು ಕೈಗಾಡಿಯಲ್ಲಿ ಹೇರಿ ಸಾಹುಕಾರನ ಗೋದಾಮಿನ ಮುಂದೆ ಇಳಿಸಿ ಬಂದಳಂತೆ. “ಕೆಲಸ ಇಲ್ಲೇ ಬಂದು ಮಾಡ್ತೇನ್ರಿ. ಮನಿಗೆ ಮಾತ್ರ ಕಳಸಬ್ಯಾಡ್ರಿ,” ಎಂದಳಂತೆ. ಓಣಿಯ ಕೆಲವು ಹೆಂಗಸರು ಅವಳ ಜೊತೆ ನಿಂತರು. ಮರುವರ್ಷ ಗೋದಾಮಿನ ಅಂಗಳದಲ್ಲಿ ತಗಡಿನ ಚಪ್ಪರ ಎದ್ದಿತು. ಎಷ್ಟೋ ಮನೆಗಳಲ್ಲಿ ಚೀಲಗಳು ಮೊದಲಿನಂತೆ ಒಳಗೇ ಇದ್ದವು.

ನಾನು ಓದಿದ ಸಂಗೀತವೆಲ್ಲ ಸ್ವರದಿಂದ ಶುರುವಾಗುತ್ತಿತ್ತು. ಆ ವರ್ಷದಿಂದ ನಿವೃತ್ತಿಯಾಗುವವರೆಗೂ ಹೊಸ ತಂಡ ಕಟ್ಟುವಾಗ ಮೊದಲು ಒಬ್ಬೊಬ್ಬಳ ಮನೆಗೆ ಹೋಗಿ, ಅವಳು ಎಲ್ಲಿ ಮಲಗುತ್ತಾಳೆಂದು ನೋಡಿ ಬರುತ್ತಿದ್ದೆ. ಹಾಡು ಆರಿಸುತ್ತಿದ್ದುದು ಅದಾದ ಮೇಲೆ.