ಅನಂತಲಕ್ಷ್ಮಿಯವರ ಮೂರು ಡಬ್ಬಿ

ಹುಬ್ಬಳ್ಳಿಯಲ್ಲಿ ಫಾರ್ಮಸಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಬೆಂಗಳೂರಿಗೆ ಬಂದ ಭುವನೇಶ್ವರಿ ಮಾರೇನಹಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟು ಹನ್ನೊಂದು ವರ್ಷವಾಗಿತ್ತು. ಔಷಧದ ಪೆಟ್ಟಿಗೆಯೊಳಗೆ ಮಡಿಸಿಟ್ಟಿರುವ ತೆಳು ಕಾಗದವನ್ನು ಕೊನೆಯ ಸಾಲಿನವರೆಗೆ ಓದದೆ ಅವಳಿಗೆ ಸಮಾಧಾನವಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅದೇ ಅವಳ ಕಾದಂಬರಿ.

2008ರ ಬೇಸಿಗೆಯಲ್ಲಿ ಅವಳ ತಲೆಗೆ ಹುಳ ಬಿಟ್ಟವರು ಅನಂತಲಕ್ಷ್ಮಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಅವರು ತಿಂಗಳ ಮೊದಲ ವಾರ ಬಸವೇಶ್ವರನಗರದಿಂದ ಸ್ಕೂಟಿಯಲ್ಲಿ ಬಂದು ಮೂರು ಡಬ್ಬಿ ಕೊಳ್ಳುತ್ತಿದ್ದರು: ಕ್ಯಾಲ್ಸಿಯಂ, ಫೋಲಿಕ್ ಆಸಿಡ್, ನಾರಿನ ಪುಡಿ.

"ನಮ್ಮಣ್ಣ ದೊಡ್ಡ ಕರುಳಿನ ಕ್ಯಾನ್ಸರಲ್ಲಿ ಹೋದ ಕಣಮ್ಮ. ಐವತ್ತೆಂಟಕ್ಕೇ. ಇವನ್ನ ತಗೊಂಡ್ರೆ ಅದು ಬರಲ್ಲ ಅಂತ ಪೇಪರಲ್ಲಿ ಬಂದಿತ್ತು," ಎಂದು ಒಮ್ಮೆ ಹೇಳಿದ್ದರು.

ಅವರು ಹೋದ ಮೇಲೆ ಭುವನೇಶ್ವರಿ ಮೂರೂ ಡಬ್ಬಿಗಳ ಕಾಗದ ಬಿಡಿಸಿ ಓದಿದಳು. ಕ್ಯಾನ್ಸರ್ ಎಂಬ ಪದ ಎಲ್ಲೂ ಇರಲಿಲ್ಲ. ಹಾಗಾದರೆ ಪೇಪರಿನವರಿಗೆ ಹೇಗೆ ಗೊತ್ತಾಯಿತು?

ಆ ಭಾನುವಾರ ಅವಳು ವಿಜಯನಗರದ ಸೈಬರ್ ಕೆಫೆಗೆ ಹೋಗಿ ಕೂತಳು. ಸುತ್ತ ಹುಡುಗರು ಹೆಡ್‌ಫೋನ್ ಹಾಕಿಕೊಂಡು ಆಟವಾಡುತ್ತಿದ್ದರೆ ಇವಳು ನಿಘಂಟು ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷ್ ಅಧ್ಯಯನಗಳ ಸಾರಾಂಶ ಓದಿದಳು. ನಾರಿನಿಂದ ಲಾಭ ಕಾಣಲಿಲ್ಲ ಎಂದಿತ್ತು. ಫೋಲಿಕ್ ಆಸಿಡ್‌ನಿಂದಲೂ ಇಲ್ಲ. ಕೆಲವರಲ್ಲಿ ಅದು ಕೆಡುಕೇ ಮಾಡಿರಬಹುದೆಂಬ ಅನುಮಾನ ಬೇರೆ. ಕ್ಯಾಲ್ಸಿಯಂನಿಂದ ಮಾತ್ರ ಸ್ವಲ್ಪ ಅನುಕೂಲವಿರಬಹುದಂತೆ. ಆದರೆ ಅವಳ ಕಣ್ಣು ಬೇರೊಂದು ವಿಷಯದ ಮೇಲೆ ನಿಂತಿತು. ಈ ಎಲ್ಲ ಅಧ್ಯಯನಗಳಲ್ಲಿ ಮಾತ್ರೆ ನುಂಗಿದವರ ಕರುಳನ್ನು ಮೊದಲೇ ಕ್ಯಾಮೆರಾ ಇಳಿಸಿ ನೋಡಿ, ಸಿಕ್ಕ ಸಣ್ಣ ಗಂಟುಗಳನ್ನು ಕಿತ್ತು ಹಾಕಿದ್ದರು. ಮಾತ್ರೆಯ ಮಾತೇನಿದ್ದರೂ ಆಮೇಲಿನದು.

ಅನಂತಲಕ್ಷ್ಮಿ ಆಂಟಿಯ ಕರುಳನ್ನು ಯಾರಾದರೂ ನೋಡಿದ್ದಾರೆಯೇ?

ಈ ಪ್ರಶ್ನೆ ಹುಟ್ಟಿದ ಮೇಲೆ ಇನ್ನೊಂದು ನೆನಪಾಯಿತು. ಎರಡು ಮೂರು ತಿಂಗಳಿಂದ ಅವರು ಮೂಲವ್ಯಾಧಿಯ ಮುಲಾಮನ್ನೂ ಕೇಳಿ ಒಯ್ಯುತ್ತಿದ್ದರು. ಹೋದ ಸಲ ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣದ ಮಾತ್ರೆಯನ್ನೂ.

ಮುಂದಿನ ತಿಂಗಳು ಅವರು ಬಂದಾಗ ಭುವನೇಶ್ವರಿ ಡಬ್ಬಿ ತೆಗೆಯಲು ಹೋಗಲಿಲ್ಲ.

"ಆಂಟಿ, ತಪ್ಪು ತಿಳೀಬ್ಯಾಡ್ರಿ. ಆ ಮುಲಾಮು ಯಾರಿಗ್ರಿ?"

"ನನಗೇ ಕಣಮ್ಮ. ಒಂದೊಂದ್ಸಲ ರಕ್ತ ಹೋಗುತ್ತೆ. ಪೈಲ್ಸು."

"ಪೈಲ್ಸ್ ಅಂತ ಡಾಕ್ಟರ್ ಹೇಳಿದ್ರೇನ್ರಿ?"

"ಇದಕ್ಕೆಲ್ಲ ಡಾಕ್ಟರ್ ಹತ್ರ ಯಾಕೆ ಹೋಗ್ಬೇಕು?"

"ನಿಮ್ಮಣ್ಣಾರಿಗೆ ಮೊದಲಿಗೆ ಏನಾಗಿತ್ರಿ?"

ಅನಂತಲಕ್ಷ್ಮಿ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಕೌಂಟರಿನ ಮೇಲಿಟ್ಟರು. "ಅವನೂ ಒಂದು ವರ್ಷ ಪೈಲ್ಸು ಅಂತಲೇ ಅಂದ್ಕೊಂಡಿದ್ದ," ಎಂದರು. ಡಬ್ಬಿಗಳಿದ್ದ ಕಪಾಟಿನತ್ತ ನೋಡಿ, "ಮಾತ್ರೆ ತಗೋತಾ ಇದೀನಲ್ಲ, ನನಗೇನಾಗುತ್ತೆ ಅಂತ ಧೈರ್ಯವಾಗಿದ್ದೆ," ಎಂದರು.

ಮುಂದಿನ ಶುಕ್ರವಾರವೇ ಅವರಿಗೆ ಕೊಲೊನೊಸ್ಕೋಪಿ, ಅಂದರೆ ಕರುಳಿಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಆಯಿತು. ಅವರಿಗೆ ಮಕ್ಕಳಿಲ್ಲ, ಗಂಡ ತೀರಿಕೊಂಡಿದ್ದರು. ಭುವನೇಶ್ವರಿ ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಹೋದಳು. ಕರುಳಿನಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಗಂಟೊಂದು ಸಿಕ್ಕಿತು. ವೈದ್ಯೆ ಅದನ್ನು ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಐದು ದಿನಕ್ಕೆ ವರದಿ ಬಂದಾಗ ಇಬ್ಬರೂ ಮತ್ತೆ ಆಸ್ಪತ್ರೆಗೆ ಹೋದರು. ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಆಗುವ ಸಾಧ್ಯತೆ ಇತ್ತು ಎಂದರು ವೈದ್ಯೆ.

ಅನಂತಲಕ್ಷ್ಮಿಗಿಂತ ಮೊದಲು ಬಾಯಿ ಬಿಟ್ಟವಳು ಭುವನೇಶ್ವರಿಯೇ. "ಮೇಡಂ, ಇವರು ಎರಡು ವರ್ಷ ಮಾತ್ರೆ ತಗೊಂಡಾರ. ತಗೊಳ್ಳದಿದ್ರ ಈ ಗಂಟು ಇನ್ನೂ ದೊಡ್ಡದಾಗ್ತಿತ್ತೋ, ಇಲ್ಲಾ ಮಾತ್ರೆಯಿಂದ ಏನೂ ಆಗೇ ಇಲ್ವೋ?"

ವೈದ್ಯೆ ನಕ್ಕರು. "ಒಬ್ಬರನ್ನ ನೋಡಿ ಅದನ್ನ ಹೇಳೋಕಾಗಲ್ಲಮ್ಮ. ಸಾವಿರಾರು ಜನರನ್ನ ನೋಡಿದವರಿಗೇ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಮೂಳೆಗೆ ಬೇಕಿದ್ರೆ ಕ್ಯಾಲ್ಸಿಯಂ ತಗೊಳ್ಳಲಿ. ಫೋಲಿಕ್ ಆಸಿಡ್ ಬೇಡ. ಮೂರು ವರ್ಷಕ್ಕೆ ಮತ್ತೆ ಬಂದು ತೋರಿಸಲಿ. ಇವರ ಅಣ್ಣನ ಮಕ್ಕಳಿದ್ರೆ ಅವರನ್ನೂ ಕಳಿಸಿ."

ಅಣ್ಣನಿಗೆ ಒಬ್ಬನೇ ಮಗ, ಆತ್ರೇಯ. ವಯಸ್ಸು ನಲವತ್ತೊಂದು. ಅನಂತಲಕ್ಷ್ಮಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅವನಿಗೆ ಫೋನ್ ಮಾಡಿದರು. "ನಂಗೇನಾಗಿದೆ ಅತ್ತೆ, ಚೆನ್ನಾಗೇ ಇದೀನಲ್ಲ," ಎಂಬ ಅವನ ಮಾತು ಪಕ್ಕದಲ್ಲಿದ್ದ ಭುವನೇಶ್ವರಿಗೂ ಕೇಳಿಸಿತು.

"ನಾನೂ ಚೆನ್ನಾಗೇ ಇದ್ದೆ ಕಣೋ," ಎಂದರು ಗಣಿತದ ಮೇಡಂ, ತರಗತಿಯ ದನಿಯಲ್ಲಿ. "ಸೋಮವಾರ ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಗೆ ಬಾ, ನಿಂಗೂ ಇದೇ ಪರೀಕ್ಷೆ. ಹಿಂದಿನ ದಿನ ಏನು ತಿನ್ಬೇಕು, ಏನು ತಿನ್ಬಾರ್ದು ಅಂತ ಭುವನೇಶ್ವರಿ ಹೇಳ್ತಾಳೆ, ಬರ್ಕೋ." ಫೋನನ್ನು ಅವಳ ಕೈಗೆ ಕೊಟ್ಟರು.