ಅವ್ವ, ಚಿಗವ್ವ ಮತ್ತು ಹೀರೆಯ ನಾರು

ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಯಾರದೋ ಖಾಲಿ ಸೈಟಿನ ತಂತಿಬೇಲಿಗೆ ತುಪ್ಪದ ಹೀರೆಬಳ್ಳಿ ಹಬ್ಬಿದೆ. ಮೊನ್ನೆ ಅದರ ಒಣಗಿದ ಕಾಯಿಗಳು ಗಾಳಿಗೆ ಅಲ್ಲಾಡಿ, ಒಳಗಿನ ಬೀಜ ಗಲಗಲ ಎಂದವು. ನಾನು ಅಲ್ಲೇ ನಿಂತುಬಿಟ್ಟೆ. ಆ ಸಪ್ಪಳಕ್ಕೆ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ತಿಕೋಟಾದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಕಾಯಿಯ ನಾರಿನಿಂದ. ಅಪ್ಪನ ತಾಯಿ, ನಮ್ಮ ಆಯಿ, ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಸಿಪ್ಪೆ ಸುಲಿದು, ಬೀಜ ಉದುರಿಸಿ, ಬಚ್ಚಲ ಗೂಟಕ್ಕೆ ತೂಗುಹಾಕುತ್ತಿದ್ದಳು. ಹಂಡೆಯ ನೀರು ಕಾಯುವಷ್ಟರಲ್ಲಿ ಎಲ್ಲರೂ ಒಣ ಮೈಯನ್ನು ಅದರಿಂದ ತಿಕ್ಕಿಕೊಳ್ಳಬೇಕು, ಅಂಗಾಲಿನಿಂದ ಶುರುಮಾಡಿ ಎದೆಯ ಕಡೆಗೆ. ಚಳಿಗಾಲದ ಗಾಳಿಗೆ ನಮ್ಮ ಕಾಲುಗಳು ಬೂದಿ ಬಳಿದಂತೆ ಬೆಳ್ಳಗಾಗಿರುತ್ತಿದ್ದವು. ತಿಕ್ಕಿದ ಮೇಲೆ ಮೈಯೆಲ್ಲ ಬೆಚ್ಚಗಾಗಿ, ಹೊಟ್ಟೆ ಹಸಿದು, ಯಾರ ಮೇಲೂ ಸಿಟ್ಟಿಲ್ಲದ ಹಾಗಾಗುತ್ತಿತ್ತು. ಅದೇ ಸುಖವನ್ನು ಈಗ ನನ್ನ ಮಗಳು ಫೋನಿನಲ್ಲಿ ನೋಡಿ ಕಲಿತು, ಉದ್ದ ಹಿಡಿಕೆಯ ಬ್ರಶ್ ತರಿಸಿಕೊಂಡು, ನನಗೇ ಪಾಠ ಹೇಳುತ್ತಾಳೆ. ನಾನು ಹೂಂ ಹೂಂ ಅನ್ನುತ್ತೇನೆ.

ಆ ಬ್ರಶ್ಶಿಗೆ ಬೆನ್ನು ಎಟುಕುತ್ತದೆ, ನಮ್ಮ ನಾರಿಗೆ ಎಟುಕುತ್ತಿರಲಿಲ್ಲ. ಅದಕ್ಕೇ ಆಯಿಯದೊಂದು ಕಟ್ಟಳೆ ಇತ್ತು. ಕೈಕಾಲು ಅವರವರದು, ಬೆನ್ನನ್ನು ಮಾತ್ರ ಇನ್ನೊಬ್ಬರು ತಿಕ್ಕಬೇಕು. ಗಂಡಸರು ದನದ ಕೊಟ್ಟಿಗೆಯ ಕಡೆ, ನಾವು ಹೆಂಗಸರು ಹಿತ್ತಲ ಬಚ್ಚಲಲ್ಲಿ. ಅವ್ವನ ಬೆನ್ನು ಚಿಗವ್ವನಿಗೆ, ಚಿಗವ್ವನ ಬೆನ್ನು ಅವ್ವನಿಗೆ. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ, ಬಬಲೇಶ್ವರದವಳು, ಮಾತಿಗೆ ಮೊದಲು ನಗುವವಳು.

ಕಾಕಾ ಶಹರದ ಸೊಲ್ಲಾಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಹಾಕಿ, ಅಲ್ಲೇ ಇಬ್ರಾಹಿಂಪುರದಲ್ಲಿ ಬೇರೆ ಮನೆ ಹಿಡಿದಾಗ ಆ ನಗು ನಿಂತಿತು. "ಮನಿ ಒಡದು ಹೊಂಟಾಳ" ಎಂದು ಅವ್ವ ಓಣಿಯಲ್ಲಿ ಆಡಿದ ಮಾತು ಚಿಗವ್ವನ ಕಿವಿಗೆ ಬಿದ್ದಿತ್ತು. ಹೊರಡುವ ದಿನ ಬರುವತನಕ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ನನ್ನ ಮೂಲಕ ಮಾತಾಡುತ್ತಿದ್ದರು. "ಹಿಟ್ಟು ಮುಗದೈತಂತ ನಿಮ್ಮ ಚಿಗವ್ವಗ ಹೇಳ" ಎಂದು ಅವ್ವ ಅಂದರೆ, ಮೊಳದಷ್ಟು ದೂರ ಕೂತ ಚಿಗವ್ವ ನಾನು ಹೇಳುವವರೆಗೂ ಕಾಯುತ್ತಿದ್ದಳು! ನನಗೆ ಮಜಾ, ಆಯಿಗೆ ದಿಗಿಲು. ಹೋಗುವುದಕ್ಕೆ ಅವಳ ತಕರಾರಿರಲಿಲ್ಲ. ಮುನಿಸಿಕೊಂಡು ಹೋದವರು ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂಬ ಭಯ ಅವಳದು.

"ಬ್ಯಾರೆ ಆಗ್ರಿ, ಬ್ಯಾಡನ್ನಂಗಿಲ್ಲ," ಅಂದಳು ಆಯಿ. "ಆದ್ರ ಇರೂತನಕ ಬೆನ್ನು ತಿಕ್ಕೂದು ಬಿಟ್ರ ನಾ ಉಣ್ಣಂಗಿಲ್ಲ ನೋಡ್ರಿ."

ಹೀಗಾಗಿ ಮಾತಿಲ್ಲದೆ ತಿಕ್ಕಾಟ ನಡೆಯಿತು. ಮನೆ ಬಿಡುವ ಹಿಂದಿನ ದಿನ ಅವ್ವ ಗೂಟದಿಂದ ಹೊಸ ನಾರು ತೆಗೆದಳು, ಇನ್ನೂ ಪಳಗದ, ಮುಳ್ಳಿನಂಥ ನಾರು. ಅಷ್ಟು ದಿನದ ಸಿಟ್ಟೆಲ್ಲ ಅವಳ ಮಣಿಕಟ್ಟಿಗೆ ಇಳಿದಿತ್ತು. ಹಲ್ಲು ಕಚ್ಚಿ ಸಹಿಸಿದ ಚಿಗವ್ವ ಕೊನೆಗೆ ಚಂಗನೆ ಹಾರಿದಳು.

"ಯಕ್ಕಾ, ಇದು ಬೆನ್ನು ಐತಿ, ರೊಟ್ಟಿ ಹಂಚಲ್ಲ!"

ಅವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಬಚ್ಚಲಗಲ್ಲಿನ ಮೇಲೆ ಕುಸಿದವಳು ಹಾಗೇ ಅಳತೊಡಗಿದಳು. "ಹೋಗಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ ಬೇ," ಅಂದಳು.

"ಅಂದಿದ್ರೂ ಹೋಗತಿದ್ದೆ ಯಕ್ಕಾ," ಚಿಗವ್ವ ಮೂಗು ಒರೆಸಿಕೊಂಡಳು, "ಅಳಕೋತ ಹೋಗತಿದ್ದೆ. ತಿರಗು, ಈಗ ನನ್ನ ಪಾಳಿ."

ಮರುದಿನ ಅವರು ಹೋದರು. ಆದರೆ ಚಿಗವ್ವ ಆಗಾಗ ಬೆಳಗಿನ ಬಸ್ಸಿಗೇ ಬಂದಿಳಿಯುತ್ತಿದ್ದಳು. ಆಯಿ ತೀರಿಕೊಂಡು, ತಿಕೋಟಾದ ಮನೆ ಬೇರೆಯವರ ಕೈಗೆ ಹೋಗಿ, ಅವ್ವ ಅಥಣಿ ರಸ್ತೆಗೆ ನನ್ನ ಜೊತೆ ಬಂದ ಮೇಲೂ ಅದು ತಪ್ಪಲಿಲ್ಲ. ಬಚ್ಚಲ ಬಾಗಿಲ ಹಿಂದೆ ತಲೆ ನೆರೆತ ಇಬ್ಬರು ಕಿಸಕ್ಕೆಂದು ನಗುವುದನ್ನು ಕೇಳುತ್ತಾ ನಾನು ಚಹಾಕ್ಕೆ ಇಡುತ್ತಿದ್ದೆ. ಈಗ ಅವ್ವ ಇಲ್ಲ. ಆ ನಗುವಿಲ್ಲದ ನನ್ನ ಮನೆ ನನಗೇ ಒಗ್ಗುತ್ತಿಲ್ಲ.

ಕಳೆದ ವಾರ ಇಬ್ರಾಹಿಂಪುರಕ್ಕೆ ಹೋದಾಗ ಚಿಗವ್ವ ಹಿತ್ತಲ ಬಿಸಿಲಲ್ಲಿ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದಳು. ಕಾಲಾಯಿತು, ಕೈಯಾಯಿತು. ನಾನು ಹಿಂದೆ ಹೋಗಿ ಕೂತು ನಾರಿಗೆ ಕೈ ಚಾಚಿದೆ. ಅವಳು ಅದನ್ನು ಮಡಿಲಿಗೆ ಎಳೆದುಕೊಂಡು ನಕ್ಕಳು.

"ಬೆನ್ನು ಬಿಡ ಬೇ. ಅದು ನಿಮ್ಮವ್ವನ ಪಾಲಿಗೆ ಹೋಗೇತಿ."