ಉಪ್ಪಿನ ಕೋಟೆ, ಎರಡನೇ ಭಾಗ

ಹೊಲಿಗೆ ಅಂಗಡಿಯ ಅಕ್ಕನಿಗೆ ಸುಸ್ತು ಹೊಸದೇನಲ್ಲ. ಊರವರ ಪ್ಯಾಂಟುಗಳ ಸೊಂಟ ಬಿಚ್ಚಿ ಸಡಿಲ ಮಾಡುತ್ತ, ಹಿಡಿದು ಬಿಗಿ ಮಾಡುತ್ತ ಅರ್ಧ ಆಯಸ್ಸು ಕಳೆದವಳು. ಆ ಬೀದಿಯಲ್ಲಿ ಯಾರು ಉಬ್ಬಿದರು, ಯಾರು ಇಳಿದರು ಎಂಬುದು ಅವರ ಹೆಂಡಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಆ ಸುಸ್ತು ಮಲಗಿ ಎದ್ದರೆ ಹೋಗುತ್ತಿತ್ತು. ಕಿಡ್ನಿ ಕೈಕೊಟ್ಟ ಮೇಲೆ ಬಂದದ್ದು ಬೇರೆಯೇ ಜಾತಿಯ ಸುಸ್ತು, ಮಲಗಿದರೂ ಅದೇ, ಎದ್ದರೂ ಅದೇ. ವಾರಕ್ಕೆ ಮೂರು ಸಲ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಎಡತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು, ತನ್ನದೇ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆಸಿಕೊಂಡು, ಮತ್ತೆ ಒಳಗೆ ಬರುವುದನ್ನು ಕಾಯುತ್ತ ನಾಲ್ಕು ಗಂಟೆ ಕೂರಬೇಕು. ತೋಳು ಸ್ವಲ್ಪ ಮಡಚಿದರೂ ಯಂತ್ರ ಕಿರುಚುತ್ತದೆ. ಸಿಸ್ಟರ್ ಓಡಿಬಂದು ಯಂತ್ರಕ್ಕಿಂತ ಜೋರಾಗಿ ಕಿರುಚುತ್ತಾಳೆ.

ಮನೆಯಲ್ಲಿ ಅವಳ ಜೊತೆಗಿರುವುದು ತಮ್ಮ ಒಬ್ಬನೇ. ಅಮ್ಮ ಹೋದಾಗ ಅವನಿಗಿನ್ನೂ ಶಾಲೆಗೆ ಹೋಗುವ ವಯಸ್ಸೂ ಆಗಿರಲಿಲ್ಲ, ಸಾಕಿದವಳು ಇವಳೇ. ಈಗ ಅವನ ತಲೆ ನರೆತಿದೆ, ಕೆಲಸ ಮಾತ್ರ ಆಟ ಆಡುವುದು. ತಮಾಷೆಗೆ ಹೇಳಿದ್ದಲ್ಲ, ಹೊಟ್ಟೆಪಾಡೇ ಅದು. ವಾರಪತ್ರಿಕೆಯೊಂದಕ್ಕೆ ವಿಡಿಯೊ ಗೇಮುಗಳನ್ನು ಆಡಿ ನೋಡಿ, ಇದರ ಗುಣ ಇಷ್ಟು, ದೋಷ ಇಷ್ಟು ಎಂದು ಬರೆಯುತ್ತಾನೆ. ಬರೆದೂ ಬರೆದೂ ನಾಲಿಗೆಗೂ ಅದೇ ಚಾಳಿ ಹತ್ತಿದೆ. ಊಟಕ್ಕೆ ಕೂತರೆ ಬಣ್ಣ ಚೆನ್ನಾಗಿದೆ, ಖಾರ ಸಾಲದು. ಮದುವೆಗೆ ಮಾತು ನಡೆದಿದ್ದ ಎರಡು ಸಂಬಂಧಗಳೂ ಇದೇ ಚಾಳಿಯಿಂದ ಮುರಿದುಬಿದ್ದವು. ಆ ಹೆಣ್ಣುಮಕ್ಕಳು ಬಚಾವಾದರು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಕೂತು ಕೂತು ಬೇಜಾರಾಗದಿರಲಿ ಎಂದು ಅವನೇ ಅವಳಿಗೆ ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮ್ ಪೆಟ್ಟಿಗೆಯೊಂದನ್ನು ಕೊಟ್ಟಿದ್ದ. ಅದರೊಳಗಿದ್ದ ಆಟದ ಹೆಸರು 'ಉಪ್ಪಿನ ಕೋಟೆ'. ಡಾಕ್ಟರು ಉಪ್ಪು ಮುಟ್ಟಬೇಡಿ ಅಂದರೆ ಇವನು ಕೋಟೆಯನ್ನೇ ತಂದ ಎಂದು ನಕ್ಕವಳು, ಅದಕ್ಕೆ ಅಂಟಿಕೊಂಡುಬಿಟ್ಟಳು. ರಾಜ್ಯ ಕಳೆದುಕೊಂಡ ರಾಣಿ, ಒಂದೇ ಕಿವಿಯ ಕಳ್ಳ, ಗಾಯಕ್ಕೆ ಸೊಪ್ಪು ಅರೆಯುತ್ತ ಸದಾ ಗೊಣಗುವ ಮುದುಕಿ, ಈ ಮೂವರೂ ಸೇರಿ ಮಾಟಗಾರರಿಂದ ಕೋಟೆ ಬಿಡಿಸಿಕೊಳ್ಳಲು ಹೊರಡುವ ಕಥೆ. ಕಥೆಗಿಂತ ಹೆಚ್ಚಾಗಿ ಅವಳಿಗೆ ಹಿಡಿಸಿದ್ದು ಆಟದ ತಾಳ್ಮೆ. ರಾಕ್ಷಸ ಎದುರು ಬಂದರೂ, ನಾವು ಏನು ಮಾಡುತ್ತೇವೆಂದು ಹೇಳುವ ತನಕ ಸುಮ್ಮನೆ ನಿಂತಿರುತ್ತಾನೆ. ಪೆಟ್ಟಿಗೆಯನ್ನು ದಿಂಬಿನ ಮೇಲಿಟ್ಟು, ಬಲಗೈಯಲ್ಲಿ ಒಂದು ಗುಂಡಿ ಒತ್ತಿ, ಅದೇ ಕೈಯನ್ನು ನಿಧಾನಕ್ಕೆ ಇನ್ನೊಂದು ಗುಂಡಿಗೆ ಒಯ್ದರೂ ನಡೆಯುತ್ತಿತ್ತು. ನಡುವೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬಂದು ಮಲಗಿದರೆ, ಎದ್ದಾಗಲೂ ರಾಕ್ಷಸ ಅಲ್ಲೇ ಕಾಯುತ್ತಿರುತ್ತಿದ್ದ. ಅಷ್ಟು ಮರ್ಯಾದೆ ಅವಳಿಗೆ ಗಿರಾಕಿಗಳೂ ಕೊಟ್ಟವರಲ್ಲ. ಮುಗಿದುಹೋದೀತು ಎಂಬ ಭಯಕ್ಕೆ ಮನೆಯಲ್ಲಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಆದರೂ ಮುಗಿಯಿತು. ಮತ್ತೆ ಮೊದಲಿನಿಂದ ಆಡಿದಳು, ಮತ್ತೂ ಒಮ್ಮೆ ಆಡಿದಳು.

ಒಂದು ದಿನ ಕುರ್ಚಿಯಲ್ಲಿದ್ದಾಗಲೇ ಕಾಲಿನ ಮೀನಖಂಡ ಸೆಳೆತಕ್ಕೆ ಸಿಕ್ಕಿ, ಅತ್ತೂ ಅತ್ತೂ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ತಮ್ಮನಿಗೆ ಹೇಳಿದಳು.

"ಸಾಕಾಗಿದೆ ಕಣೋ. ಆ ಕೋಟೆ ಆಟದ ಎರಡನೇ ಭಾಗ ಬರುತ್ತೆ ಅಂದಿದ್ದೆಯಲ್ಲ, ಅದು ಮುಗಿಯೋ ತನಕ ಹೋಗ್ತೀನಿ. ಆಮೇಲೆ ನನ್ನ ಕೇಳಬೇಡ."

ಹೋಗುವುದು ನಿಲ್ಲಿಸಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಎರಡನೇ ಭಾಗ ತಯಾರಿಸುವ ಕಂಪನಿ ಬಿಡುಗಡೆಯನ್ನು ಮುಂದೂಡಿತು, ಇನ್ನೊಮ್ಮೆ ಮುಂದೂಡಿತು. ಆಟದ ಹುಚ್ಚಿನವರೆಲ್ಲ ಕಂಪನಿಗೆ ಹಿಡಿಶಾಪ ಹಾಕುತ್ತಿದ್ದಾಗ ಇವನೊಬ್ಬ ಒಳಗೊಳಗೇ ಖುಷಿಪಡುತ್ತಿದ್ದ.

ಕೊನೆಗೂ ಅದು ಬಂತು. ಇವನ ವಿಮರ್ಶೆಯೂ ಅದೇ ವಾರ ಅಚ್ಚಾಯಿತು. ಮೊದಲ ಭಾಗದ ದೊಡ್ಡ ದೋಷವೆಂದರೆ ರಾಕ್ಷಸರು ಕೈಕಟ್ಟಿ ನಿಂತು ನಮ್ಮ ಅಪ್ಪಣೆಗೆ ಕಾಯುತ್ತಿದ್ದುದು, ಆ ತೂಕಡಿಕೆ ಈಗಿಲ್ಲ, ಎಡಗೈ ಗುರಾಣಿ ಎತ್ತುತ್ತಿರಬೇಕು, ಬಲಗೈ ಕತ್ತಿ ಬೀಸುತ್ತಿರಬೇಕು, ಎರಡನೇ ಭಾಗದ ಗುಣವೇ ಈ ಚುರುಕು ಎಂದು ಹೊಗಳಿದ್ದ. ನದಿಯಾಚೆಯ ಮೇಣದಬತ್ತಿ ಸಂತೆಯಂತೂ ಕಣ್ಣಿಗೆ ಹಬ್ಬ ಎಂದಿದ್ದ. ದೋಷದ ಪಾಲಿಗೆ, ಕಥೆ ತುಸು ಎಳೆದಂತಾಯಿತು ಎಂದಷ್ಟೇ ಬರೆದಿದ್ದ. ವಿಮರ್ಶಕರಿಗೆ ಎರಡು ಕೈ ಇರುತ್ತವೆ, ಹಾಗಾಗಿ ಲೋಕದಲ್ಲಿ ಎಲ್ಲರಿಗೂ ಇರುತ್ತವೆ ಎಂದೇ ಅವರ ಲೆಕ್ಕ. ಅಕ್ಕ ಹೇಗೆ ಆಡುತ್ತಾಳೆಂದು ಅವನು ಒಂದು ಸಲವೂ ನೋಡಿದವನಲ್ಲ. ರಕ್ತ ಕಂಡರೆ ತಲೆ ಸುತ್ತುತ್ತದೆಂದು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು, ಬಾಗಿಲಲ್ಲೇ ಕರೆದುಕೊಂಡು ಬರುತ್ತಿದ್ದ.

ಅಕ್ಕ ಕುರ್ಚಿಯಲ್ಲಿ ಕೂತು ಎರಡನೇ ಭಾಗ ಶುರು ಮಾಡಿದಳು. ಚೆನ್ನಾಗಿತ್ತು, ಇಲ್ಲ ಅನ್ನುವ ಹಾಗಿಲ್ಲ. ನದಿಯ ನೀರು ಮುಟ್ಟಿದರೆ ಬೆರಳು ಒದ್ದೆಯಾದೀತು ಅನ್ನಿಸುವಂತಿತ್ತು, ಗಾಳಿಗೆ ರಾಣಿಯ ಮೇಲಂಗಿಯ ಅಂಚು ಹಾರುತ್ತಿತ್ತು. ಮೇಲಂಗಿಗೆ ಹೊಲಿಗೆಯೇ ಇರಲಿಲ್ಲ, ಅದನ್ನು ಅವಳು ಕ್ಷಮಿಸಿದಳು. ಮುದುಕಿಯ ಗೊಣಗಾಟ ಬಿಡಿಸಿ ಬಾಯಿಗೆ ಜೇನು ಸವರಿದ್ದರು, ಅದನ್ನು ಕ್ಷಮಿಸಲಿಲ್ಲ. ಆಮೇಲೆ ಸೇತುವೆಯ ಹತ್ತಿರ ತೋಳವೊಂದು ಎದುರಾಯಿತು. ಅದು ಕಾಯಲಿಲ್ಲ. ಬಲಗೈ ಕತ್ತಿಯ ಗುಂಡಿಯಿಂದ ಗುರಾಣಿಯ ಗುಂಡಿಗೆ ಹೋಗುವಷ್ಟರಲ್ಲಿ ರಾಣಿ ಸತ್ತಿದ್ದಳು. ಮತ್ತೆ ಮತ್ತೆ ಸತ್ತಳು. ಎಡಗೈ ತಾನಾಗಿಯೇ ಎದ್ದುಬಂದು ಯಂತ್ರ ಕಿರುಚಿತು, ಸಿಸ್ಟರ್ ಕಿರುಚಿದಳು. ಪಕ್ಕದ ಕುರ್ಚಿಯ ರಿಟೈರ್ಡ್ ಡ್ರೈವರ್, ಹಾರ್ನ್ ಹೊಡೆದು ನೋಡಿ ಎಂದು ಸಲಹೆ ಕೊಟ್ಟರು. ಅವಳು ಆಟ ಆರಿಸಿ ಗೋಡೆ ನೋಡುತ್ತ ಕೂತಳು. ಸಾವಿಗೆ ಅವಳು ಅಷ್ಟು ಹೆದರಿದವಳಲ್ಲ. ಬರಿದಾಗಿ ಎದುರು ನಿಂತ ಆ ನಾಲ್ಕು ಗಂಟೆಗೆ ಹೆದರಿದಳು.

ಮನೆಯಲ್ಲಿ ತಮ್ಮ ಹೇಗಿದೆ ಅಂದಾಗಲೆಲ್ಲ, ನೀರು ಚೆನ್ನಾಗಿ ಮಾಡಿದ್ದಾರೆ ಅನ್ನುತ್ತಿದ್ದಳು. ಅವನು ಬರೆದದ್ದನ್ನು ಅವನ ಎದುರೇ ತಪ್ಪೆನ್ನುವುದು ಬೇಡವಾಗಿತ್ತು. ಕೈ ಆಗುತ್ತಿಲ್ಲ ಎಂದು ಹೇಳಿಕೊಳ್ಳುವುದಂತೂ ಇನ್ನೂ ಬೇಡವಾಗಿತ್ತು. ಗೋಡೆ ನೋಡಿ ನೋಡಿ ಸಾಕಾದ ಮೇಲೆ, ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು.

"ಆಟ ಮುಗೀತು ಕಣೋ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಮುಗಿಯಿತು ಎಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತು ಬೆಳೆಸಿದರೆ ಆ ಗಳಿಗೆ ಮುಂದೆ ಹೋದೀತು ಎಂಬಂತೆ, ಯಾವುದು ಇಷ್ಟವಾಯಿತು ಎಂದು ಕೇಳಿದ. ಅವನ ವಿಮರ್ಶೆಯಲ್ಲಿ ಓದಿದ್ದನ್ನೇ ನೆನೆದು, ಮೇಣದಬತ್ತಿ ಸಂತೆ ಅಂದಳು. ಅದರಲ್ಲಿ ಓಡಾಡಿದ್ದು ಮರೆಯುವ ಹಾಗೇ ಇಲ್ಲ ಅಂದಳು. ತಮ್ಮನ ಮುಖ ಬದಲಾಯಿತು.

"ಆ ಸಂತೆ ಆಟದಲ್ಲೇ ಇಲ್ಲ ಅಕ್ಕ."

ಕಂಪನಿ ಮೊದಲೇ ಕಳಿಸಿದ್ದ ಪ್ರಚಾರದ ಹಾಳೆಯಲ್ಲಿ ಸಂತೆ ಇತ್ತಂತೆ. ಬಿಡುಗಡೆಗೆ ಮುಂಚೆ ಅದನ್ನು ಕಿತ್ತುಹಾಕಿದರಂತೆ. ಪತ್ರಿಕೆ ಅಚ್ಚಿಗೆ ಹೋಗುವ ಆತುರದಲ್ಲಿ ಇವನು ಅರ್ಧ ಆಡಿ, ಉಳಿದರ್ಧವನ್ನು ಆ ಹಾಳೆ ನೋಡಿ ಬರೆದಿದ್ದ. ಸಂತೆ ಎಲ್ಲಿದೆ ಸ್ವಾಮಿ ಎಂದು ಓದುಗರು ಕಚೇರಿಗೆ ಫೋನ್ ಮಾಡಿ ಮಾನ ಹರಾಜು ಹಾಕುತ್ತಿದ್ದರು. ಇಷ್ಟನ್ನೂ ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದ.

"ನಾನೂ ಪೂರ್ತಿ ಆಡ್ಲಿಲ್ಲ, ನೀನೂ ಆಡ್ಲಿಲ್ಲ. ನೀನ್ಯಾಕೆ ಆಡ್ಲಿಲ್ಲ?"

ಅಕ್ಕನಿಗೆ ಸಿಟ್ಟು ಬಂತು. ಸಿಕ್ಕಿಬಿದ್ದ ಸಿಟ್ಟು ಸ್ವಲ್ಪ, ಇಷ್ಟು ವರ್ಷ ಬಾಗಿಲಲ್ಲೇ ನಿಂತವನ ಮೇಲಿನ ಸಿಟ್ಟು ಬಹಳ.

"ಒಳಗೆ ಬಂದು ನೋಡು," ಅಂದಳು.

ಅವಳ ಮುಂದಿನ ಸರದಿಗೆ ಅವನು ಒಳಗೆ ಬಂದ. ಅವಳ ತೋಳು, ಸೂಜಿ, ಕೆಂಪು ಕೊಳವೆ ಎಲ್ಲವನ್ನೂ ಒಂದೇ ಸಲ ನೋಡಿ ಸುಣ್ಣದಂತೆ ಬೆಳ್ಳಗಾದ. ಡ್ರೈವರು, ಬಿದ್ದರೆ ಈ ಕಡೆ ಬೀಳಪ್ಪ, ಆ ಕಡೆ ಯಂತ್ರ ಇದೆ ಅಂದರು. ಅಕ್ಕ ಸೇತುವೆಯ ಹತ್ತಿರದಿಂದ ಆಟ ಶುರು ಮಾಡಿದಳು, ಒಂದೇ ಕೈಯಲ್ಲಿ ಆಡಿದಳು, ತೋಳ ರಾಣಿಯನ್ನು ಕೊಂದಿತು. ಅವನು ನೋಡಿದ. ತಾನು ಅಚ್ಚು ಹಾಕಿಸಿದ ಗುಣ ಯಾವುದು, ದೋಷ ಯಾವುದು ಎಂದು ಅವನಿಗೆ ಆಗ ಅರ್ಥವಾಗಿರಬೇಕು, ಏಕೆಂದರೆ ಅವನು ಸ್ಟೂಲು ಎಳೆದುಕೊಂಡ.

ಎಡಗೈಯ ಗುಂಡಿಗಳು ಸಿಗಬೇಕಾದರೆ ಎಡಗಡೆಯೇ ಕೂರಬೇಕು, ಕೊಳವೆಗಳ ಪಕ್ಕದಲ್ಲಿ. ಅವನು ಕೂತ. ಮುಖ ಆಚೆ ತಿರುಗಿಸಿ ಎಡಗೈ ಮಾತ್ರ ದಿಂಬಿನ ಮೇಲಿಟ್ಟ. ತಿರುಗಿ ಕೂತವನಿಗೆ ತೋಳ ಎಲ್ಲಿ ಕಾಣಬೇಕು? ನೋಡಿಕೊಂಡು ಆಡೋ ಎಂದು ಅಕ್ಕ ಬೈದಳು. ಅವನು ನೋಡಿದ, ಬೆವರಿದ, ಗುರಾಣಿ ಎತ್ತಿದ. ಇವಳು ಕತ್ತಿ ಬೀಸಿದಾಗ ಅವನು ಗುರಾಣಿ ಇಳಿಸುತ್ತಿದ್ದ, ಅವನು ಎತ್ತಿದಾಗ ಇವಳು ಹಿಂದೆಗೆಯುತ್ತಿದ್ದಳು. ಅವನು ಚಿಕ್ಕವನಿದ್ದಾಗಲೂ ಇಬ್ಬರಿಗೂ ಒಂದೇ ಕೊಡೆಯ ಕೆಳಗೆ ನಡೆಯಲು ಬಂದಿರಲಿಲ್ಲ. ಅವನ ಉದ್ದನೆಯ ಉಗುರು ಗುಂಡಿಗೆ ತಗುಲಿ ಟಕಟಕ ಅನ್ನುವುದು ಬೇರೆ. ರಾಣಿ ಸಾಯುತ್ತಲೇ ಹೋದಳು. ಮಧ್ಯೆ ಅಕ್ಕನ ರಕ್ತದೊತ್ತಡ ಇಳಿದು ಸಿಸ್ಟರ್ ಕುರ್ಚಿ ಒರಗಿಸಿದಳು. ಎಚ್ಚರವಾದಾಗ ತಮ್ಮ ಕದಲದೆ ಅಲ್ಲೇ ಕೂತಿದ್ದ, ಕೈ ಗುರಾಣಿಯ ಗುಂಡಿಯ ಮೇಲೇ ಇತ್ತು.

ಅವತ್ತು ಸೇತುವೆ ದಾಟಲಾಗಲಿಲ್ಲ. ಸಿಸ್ಟರ್ ಸೂಜಿ ತೆಗೆದು ಹತ್ತಿ ಒತ್ತಿದಳು. ಅಕ್ಕನಿಗೆ ಮೈಯಲ್ಲಿ ಒಂದು ಹಿಡಿಯಷ್ಟೂ ಬಲ ಉಳಿದಿರಲಿಲ್ಲ, ಬಾಯಿ ಒಣಗಿತ್ತು. ತಮ್ಮ ಅವಳ ಚೀಲ ಎತ್ತಿಕೊಂಡ. ಇನ್ನು ಮುಂದೆ ಬರುತ್ತೀಯಾ ಎಂದು ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಅವಳು ಅವನ ಭುಜ ಹಿಡಿದು ನಿಧಾನಕ್ಕೆ ಎದ್ದು ನಿಂತಳು.

"ನಾಡಿದ್ದು ಬರೋವಾಗ ಆ ಉಗುರು ಕತ್ತರಿಸ್ಕೊಂಡು ಬಾ," ಅಂದಳು.